ನಿಮ್ಮ ಹಡಗಿಗೆ ಹೈಡ್ರೋಜನ್ ಒಗ್ಗುತ್ತದೆಯೇ? ಲಾಗ್ ಪುಸ್ತಕ ಹಿಡಿದು ಲೆಕ್ಕ ಹಾಕುವ ಬಗೆ

ಹಡಗಿನ ಇಂಜಿನ್ ರೂಮಿನಲ್ಲಿ ನಾನು ಇಪ್ಪತ್ತಾರು ವರ್ಷ ಕಳೆದಿದ್ದೇನೆ, ಅದರಲ್ಲಿ ಕೊನೆಯ ಹನ್ನೊಂದು ವರ್ಷ ಚೀಫ್ ಇಂಜಿನಿಯರ್ ಆಗಿ. ಈಗ ಹಡಗಿನ ಮಾಲೀಕರು ತರುವ ಪ್ರಸ್ತಾವಗಳನ್ನು ಓದಿ, ಅವು ನಡೆಯುತ್ತವೆಯೋ ಇಲ್ಲವೋ ಎಂದು ಹೇಳುವುದು ನನ್ನ ಕೆಲಸ. ಇತ್ತೀಚೆಗೆ ಬರುವ ಪ್ರಸ್ತಾವಗಳ ಮುಖಪುಟ ಹೆಚ್ಚುಕಡಿಮೆ ಒಂದೇ: ನೀಲಿ ಸಮುದ್ರ, ಹಸಿರು ಎಲೆ, ನಡುವೆ ಒಂದು ನೀರಿನ ಹನಿ. ಒಳಗೆ ನಲವತ್ತು ಪುಟ ಇರುತ್ತದೆ, ಟ್ಯಾಂಕಿನ ಅಳತೆ ಇರುವುದಿಲ್ಲ.

ಹೈಡ್ರೋಜನ್ ಬಗ್ಗೆ ನನಗೆ ದ್ವೇಷವಿಲ್ಲ. ಆದರೆ ಅದರ ಪರವಾಗಿ ವಾದಿಸುವವರೂ ಅದನ್ನು ಗೇಲಿ ಮಾಡುವವರೂ ಒಂದು ಮಧ್ಯಾಹ್ನ ಪೆನ್ಸಿಲ್ ಹಿಡಿದು ಕುಳಿತರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ನಾನು ಕುಳಿತುಕೊಳ್ಳುವ ಕ್ರಮವನ್ನೇ ಇಲ್ಲಿ ಬರೆಯುತ್ತೇನೆ. ನಿಮ್ಮ ಹಡಗಿನ ಸಂಖ್ಯೆಗಳನ್ನು ಹಾಕಿಕೊಂಡು ಜೊತೆಗೆ ಬನ್ನಿ.

ಮೊದಲು ಲಾಗ್ ಪುಸ್ತಕ

ಇಂಜಿನ್ನಿನ ಮೇಲೆ ಹೊಡೆದಿರುವ ತಗಡಿನ ಸಂಖ್ಯೆಯನ್ನು ಮರೆತುಬಿಡಿ. ಅದು ಇಂಜಿನ್ ಕೊಡಬಲ್ಲ ಗರಿಷ್ಠ ಶಕ್ತಿ, ಹಡಗು ದಿನವೂ ಕೇಳುವ ಶಕ್ತಿಯಲ್ಲ. ಹಡಗಿನಿಂದ ದಿನವೂ ಮಧ್ಯಾಹ್ನ ಬರೆದು ಕಳಿಸುವ ವರದಿಗಳನ್ನು ಕಳೆದ ಒಂದು ವರ್ಷದ್ದು ತೆಗೆದು ಮೂರು ಸಂಖ್ಯೆ ಬರೆದುಕೊಳ್ಳಿ. ಮೊದಲನೆಯದು, ಪ್ರೊಪೆಲರ್ ಶಾಫ್ಟಿನ ಸರಾಸರಿ ಶಕ್ತಿ. ಎರಡನೆಯದು, ಒಂದು ಸಲ ಇಂಧನ ತುಂಬಿಸಿದ ಮೇಲೆ ಮತ್ತೆ ತುಂಬಿಸುವವರೆಗಿನ ಅತಿ ದೀರ್ಘ ಅವಧಿ, ಗಂಟೆಗಳಲ್ಲಿ. ಮೂರನೆಯದು, ದೀಪ, ಪಂಪು, ಹವಾನಿಯಂತ್ರಣ, ಅಡುಗೆಮನೆ, ಶೀತಲ ಕಂಟೇನರುಗಳಿಗೆಲ್ಲ ಜನರೇಟರ್ ಕೊಡುವ ಶಕ್ತಿ.

ಈ ಮೂರನೆಯದನ್ನು ಬಿಡಬೇಡಿ. ಮೇಜಿನ ಕೆಲಸಕ್ಕೆ ಬಂದ ಹೊಸದರಲ್ಲಿ ನಾನು ಅದನ್ನೇ ಬಿಟ್ಟು ಒಂದು ವರದಿಗೆ ಸಹಿ ಹಾಕಿದ್ದೆ. ಆ ಹಡಗು ವರ್ಷದಲ್ಲಿ ನೂರಕ್ಕೂ ಹೆಚ್ಚು ದಿನ ಬಂದರಿನಲ್ಲೇ ನಿಲ್ಲುತ್ತಿತ್ತು, ಅಷ್ಟೂ ದಿನ ಜನರೇಟರ್ ಉರಿಯುತ್ತಲೇ ಇತ್ತು. ನನ್ನ ಟ್ಯಾಂಕು ಕಾಗದದ ಮೇಲೆ ಬಹಳ ಚೆಂದವಾಗಿ ಹೊಂದಿಕೊಂಡಿತ್ತು. ತಪ್ಪು ಹಿಡಿದವನು ನನಗಿಂತ ಇಪ್ಪತ್ತು ವರ್ಷ ಚಿಕ್ಕವನು.

ಇಂಧನ ಬದಲಿಸುವ ಮಾತು ತೆಗೆಯುವ ಮೊದಲು ವೇಗದ ಲೆಕ್ಕವನ್ನೂ ಮಾಡಿ. ಸ್ಥೂಲವಾಗಿ, ಬೇಕಾಗುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗವನ್ನು ಶೇಕಡಾ 10 ಇಳಿಸಿದರೆ ಶಾಫ್ಟಿನ ಶಕ್ತಿ ಸುಮಾರು ಶೇಕಡಾ 27 ಇಳಿಯುತ್ತದೆ. ಪ್ರಯಾಣ ಸ್ವಲ್ಪ ಉದ್ದವಾಗುವುದರಿಂದ ಒಟ್ಟು ಇಂಧನದಲ್ಲಿ ಉಳಿಯುವುದು ಸುಮಾರು ಶೇಕಡಾ 19. ತಳಕ್ಕೆ ಅಂಟಿದ ಚಿಪ್ಪುಗಳನ್ನು ಕೆರೆದು ಶುಚಿ ಮಾಡುವುದು, ಗಾಳಿಯ ಸಹಾಯಕ್ಕೆ ಹಾಯಿಪಟ ಅಥವಾ ತಿರುಗುವ ಕಂಬದಂಥ ರೋಟರ್ ಹಾಕುವುದು, ಎಲ್ಲವೂ ಇಲ್ಲೇ ಬರಬೇಕು. ಡೀಸೆಲ್ ವಿಷಯದಲ್ಲಿ ಸೋಮಾರಿತನ ನಡೆಯುತ್ತಿತ್ತು, ಟ್ಯಾಂಕು ಕೊಂಚ ದೊಡ್ಡದಾದರೆ ಮುಗಿಯಿತು. ಹೈಡ್ರೋಜನ್ ಸೋಮಾರಿತನವನ್ನು ಸಹಿಸುವುದಿಲ್ಲ.

ಟ್ಯಾಂಕು ಬರೆಯಿರಿ, ಆಮೇಲೆ ಇಂಜಿನ್

ತೂಕದ ಲೆಕ್ಕದಲ್ಲಿ ಹೈಡ್ರೋಜನ್ ಕಣ್ಣು ಕುಕ್ಕುತ್ತದೆ. ಒಂದು ಕಿಲೋದಲ್ಲಿ 120 ಮೆಗಾಜೂಲ್, ಅಂದರೆ ಸುಮಾರು 33 ಯೂನಿಟ್ ಶಕ್ತಿ. ಹಡಗಿನ ಡೀಸೆಲ್‌ನಲ್ಲಿ ಕಿಲೋಗೆ ಸುಮಾರು 43 ಮೆಗಾಜೂಲ್ ಅಷ್ಟೇ. ಪ್ರಸ್ತಾವ ಬರೆಯುವವರು ಈ ವಾಕ್ಯವನ್ನು ದಪ್ಪ ಅಕ್ಷರದಲ್ಲಿ ಹಾಕಿ ಮುಂದಿನ ಪುಟಕ್ಕೆ ಜಿಗಿಯುತ್ತಾರೆ.

ನೀವು ಜಿಗಿಯಬೇಡಿ. ಹಡಗಿನಲ್ಲಿ ಜಗಳವಿರುವುದು ಜಾಗಕ್ಕೆ. ದ್ರವ ಹೈಡ್ರೋಜನ್ ಬೇಕೆಂದರೆ ಅದನ್ನು ಮೈನಸ್ 253 ಡಿಗ್ರಿಗೆ ಇಳಿಸಬೇಕು. ಅಷ್ಟು ತಣಿಸಿದರೂ ಒಂದು ಘನ ಮೀಟರಿನಲ್ಲಿ ಹಿಡಿಯುವುದು ಕೇವಲ 71 ಕಿಲೋ. ಒಂದು ಲೀಟರ್ ಡೀಸೆಲ್ ಸುಮಾರು 36 ಮೆಗಾಜೂಲ್ ಕೊಡುವಲ್ಲಿ ಒಂದು ಲೀಟರ್ ದ್ರವ ಹೈಡ್ರೋಜನ್ ಕೊಡುವುದು 8.5. ಅನಿಲವಾಗಿಯೇ 350 ಬಾರ್ ಒತ್ತಡದಲ್ಲಿ ತುಂಬಿದರೆ ಘನ ಮೀಟರಿಗೆ ಸುಮಾರು 24 ಕಿಲೋ, 700 ಬಾರ್‌ನಲ್ಲಿ ಸುಮಾರು 40. ಸಿಲಿಂಡರುಗಳದ್ದಂತೂ ಮೂಗಿಗಿಂತ ಮೂಗುತಿ ಭಾರ ಎನ್ನುವ ಕಥೆ. ಒಳ್ಳೆಯ ಕಾರ್ಬನ್ ನಾರಿನ ಸಿಲಿಂಡರಿನಲ್ಲೂ ಒಟ್ಟು ತೂಕದ ಇಪ್ಪತ್ತರಲ್ಲಿ ಒಂದು ಪಾಲಷ್ಟೇ ಹೈಡ್ರೋಜನ್ ಇರುತ್ತದೆ.

ಈಗ ಎರಡು ಹಡಗುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡೋಣ. ಎರಡೂ ಲೆಕ್ಕಕ್ಕೆಂದು ನಾನೇ ಕಟ್ಟಿದವು.

ಮೊದಲನೆಯದು ಎರಡು ದಡಗಳ ನಡುವೆ ಓಡಾಡುವ ಸಣ್ಣ ಫೆರ್ರಿ. ಸರಾಸರಿ 800 ಕಿಲೋವ್ಯಾಟ್, ದಿನಕ್ಕೆ 9 ಗಂಟೆ ಓಟ. ಪ್ರೊಪೆಲರಿಗೆ 7,200 ಯೂನಿಟ್ ಆಯಿತು. ದೀಪ, ಪಂಪುಗಳಿಗೆ 60 ಕಿಲೋವ್ಯಾಟಿನಂತೆ 14 ಗಂಟೆಗೆ 840 ಯೂನಿಟ್. ಒಟ್ಟು 8,040. ಒಂದು ಕಿಲೋ ಹೈಡ್ರೋಜನ್ ಇಂಧನ ಕೋಶದ (ಸುಡದೆಯೇ ಹೈಡ್ರೋಜನ್ನಿನಿಂದ ವಿದ್ಯುತ್ ತೆಗೆಯುವ ಸಾಧನ) ಮೂಲಕ ಹಾದು, ಮೋಟರಿನ ನಷ್ಟ ಕಳೆದು, ಸುಮಾರು 15 ಯೂನಿಟ್ ಕೊಡುತ್ತದೆ ಎಂದುಕೊಳ್ಳಿ. ದಿನಕ್ಕೆ 536 ಕಿಲೋ ಬೇಕು. 350 ಬಾರ್‌ನಲ್ಲಿ ಅದರ ಒಳಗಾತ್ರ 22 ಘನ ಮೀಟರ್. ಸಿಲಿಂಡರಿನ ಗೋಡೆ, ಚೌಕಟ್ಟು, ನಡುವಿನ ಸಂದು ಸೇರಿಸಿ ಎರಡರಷ್ಟಕ್ಕಿಂತ ಹೆಚ್ಚು ಜಾಗ ಬಿಡಿ. ಸಿಲಿಂಡರುಗಳ ತೂಕ ಹತ್ತು ಟನ್ನಿನ ಆಸುಪಾಸು. ಮೇಲಿನ ಡೆಕ್ಕಿನಲ್ಲಿ ಇಡಬಹುದು, ರಾತ್ರಿ ತುಂಬಿಸಬಹುದು. ಸಮತೋಲನದ ಲೆಕ್ಕ ಮತ್ತೊಮ್ಮೆ ಮಾಡಬೇಕಾಗುತ್ತದೆ, ಆದರೆ ಕೆಲಸ ಆಗುತ್ತದೆ.

ಎರಡನೆಯದು ಸಾಗರ ದಾಟುವ ಸರಕು ಹಡಗು. ಸರಾಸರಿ 10 ಮೆಗಾವ್ಯಾಟ್, 20 ದಿನದ ಓಟ, ಅಂದರೆ 480 ಗಂಟೆ. ಒಟ್ಟು 48 ಲಕ್ಷ ಯೂನಿಟ್. ಈಗಿನ ಕಪ್ಪು ಎಣ್ಣೆಯಾದರೆ ಸುಮಾರು 840 ಟನ್, 875 ಘನ ಮೀಟರ್. ಅರ್ಧದಷ್ಟು ದಕ್ಷತೆ ಹಿಡಿದರೆ ಹೈಡ್ರೋಜನ್ ಸುಮಾರು 288 ಟನ್ ಬೇಕು. ತೂಕ ಮೂರನೇ ಒಂದಕ್ಕೆ ಇಳಿಯಿತು, ಸಂತೋಷ. ಗಾತ್ರ? 4,060 ಘನ ಮೀಟರ್, ಅದೂ ದ್ರವದ್ದು ಮಾತ್ರ. ಎರಡು ಗೋಡೆಯ ನಡುವಿನ ನಿರ್ವಾತ, ಮೇಲೆ ಬಿಡಬೇಕಾದ ಖಾಲಿ ಜಾಗ, ಬಿರುಗಾಳಿಗೆಂದು ಇಡುವ ಮೀಸಲು, ಯಾವುದೂ ಇದರಲ್ಲಿ ಸೇರಿಲ್ಲ.

ಈ 4,060ರ ಅಂದಾಜು ಸಿಗಬೇಕಾದರೆ ಜಪಾನಿನ ಸುಯಿಸೊ ಫ್ರಂಟಿಯರ್ ಹಡಗನ್ನು ನೆನೆಯಿರಿ. 2022ರಲ್ಲಿ ಆಸ್ಟ್ರೇಲಿಯಾದ ಹೇಸ್ಟಿಂಗ್ಸ್‌ನಿಂದ ಕೋಬೆಗೆ ದ್ರವ ಹೈಡ್ರೋಜನ್ ಸಾಗಿಸಿದ ಹಡಗು ಅದು. ಹೈಡ್ರೋಜನ್ ಸಾಗಿಸುವುದಕ್ಕೆಂದೇ ಕಟ್ಟಿದ ಆ ಹಡಗಿನ ಟ್ಯಾಂಕು 1,250 ಘನ ಮೀಟರಿನದು. ನಮ್ಮ ಸರಕು ಹಡಗಿಗೆ ಒಂದು ಪ್ರಯಾಣದ ಇಂಧನಕ್ಕೇ ಅಂಥ ಮೂರಕ್ಕೂ ಹೆಚ್ಚು ಟ್ಯಾಂಕು ಬೇಕು. ಇನ್ನೊಂದು ಮಾತು: ಹೈಡ್ರೋಜನ್ ಹೊತ್ತ ಆ ಹಡಗು ಓಡಿದ್ದು ಡೀಸೆಲ್ಲಿನಿಂದ. ಅದನ್ನು ಕಟ್ಟಿದವರಿಗೆ ತಮ್ಮ ಕೆಲಸ ಚೆನ್ನಾಗಿ ಗೊತ್ತಿತ್ತು ಎಂದೇ ನಾನು ಇದನ್ನು ಓದುತ್ತೇನೆ.

ಹಾಗಾಗಿ ಹೈಡ್ರೋಜನ್ ಈಗ ಎಲ್ಲಿ ನಿಜವಾಗಿ ಬಳಕೆಯಾಗುತ್ತಿದೆ ಎಂದು ನೋಡಿದರೆ ಹೆಚ್ಚಿನವು ದಡಕ್ಕೆ ಹತ್ತಿರದ ಹಡಗುಗಳೇ. ನಾರ್ವೆಯ ಎಂಎಫ್ ಹೈಡ್ರಾ ಫೆರ್ರಿ 2023ರಿಂದ ದ್ರವ ಹೈಡ್ರೋಜನ್ ಬಳಸಿ ಓಡುತ್ತಿದೆ. ಅದರಲ್ಲಿ ತಲಾ 200 ಕಿಲೋವ್ಯಾಟಿನ ಎರಡು ಇಂಧನ ಕೋಶಗಳಿವೆ, 80 ಘನ ಮೀಟರಿನ ಟ್ಯಾಂಕು ನೆತ್ತಿಯ ಮೇಲಿದೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ 75 ಪ್ರಯಾಣಿಕರ ಸೀ ಚೇಂಜ್ 2024ರ ಜುಲೈನಲ್ಲಿ ಓಡಾಟ ಆರಂಭಿಸಿತು. ಆಂಟ್ವರ್ಪ್ ಬಂದರಿನ ಹೈಡ್ರೋಟಗ್ 1 ಎಂಬ ಟಗ್ (ದೊಡ್ಡ ಹಡಗುಗಳನ್ನು ಎಳೆಯುವ ದೋಣಿ) ಸಿಲಿಂಡರುಗಳಲ್ಲಿ 415 ಕಿಲೋ ಹೈಡ್ರೋಜನ್ ಇಟ್ಟುಕೊಂಡು, ಅದನ್ನೂ ಡೀಸೆಲನ್ನೂ ಒಂದೇ ಇಂಜಿನ್ನಿನಲ್ಲಿ ಸುಡುತ್ತದೆ.

ನಿಮ್ಮ ಲೆಕ್ಕ ಫೆರ್ರಿಯ ಕಡೆಗೆ ಬಂದಿದ್ದರೆ ಒಂದು ನಿಮಿಷ ನಿಂತು ಬ್ಯಾಟರಿಯನ್ನೂ ಕೇಳಿ. ದಡದ ವಿದ್ಯುತ್ತಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಬ್ಯಾಟರಿಯ ಮೂಲಕ ಪ್ರೊಪೆಲರಿಗೆ ತಲುಪುತ್ತದೆ. ನಾರ್ವೆಯ ಆಂಪೇರ್ ಫೆರ್ರಿ 2015ರಿಂದ ಹಾಗೆಯೇ ಓಡುತ್ತಿದೆ. ದಾಟುವ ದೂರ ಚಿಕ್ಕದಿದ್ದು, ದಡದಲ್ಲಿ ಚಾರ್ಜ್ ಮಾಡಲು ಸಮಯವೂ ಗಟ್ಟಿ ವಿದ್ಯುತ್ ಸಂಪರ್ಕವೂ ಇದ್ದರೆ ಹೈಡ್ರೋಜನ್ನಿನ ಕಡತ ಮುಚ್ಚಿಬಿಡಿ. ಬ್ಯಾಟರಿಗೆ ದೂರ ಹೆಚ್ಚಾಗಿ, ಸಾಗರದ ಹಡಗಿಗಿಂತ ಹತ್ತಿರವಾದ ನಡುವಿನ ಪಟ್ಟಿಯೊಂದಿದೆ. ಹೈಡ್ರೋಜನ್ನಿನ ನೇರ ಬಳಕೆಗೆ ಜಾಗ ಅಲ್ಲಿದೆ.

ಹತ್ತು ಕಿಲೋ ಎಂಬ ಗೆರೆ

ಟ್ಯಾಂಕು ಹಿಡಿಸಿತು ಎಂದಾದರೆ ಮುಂದಿನ ಪ್ರಶ್ನೆ, ಈ ಹೈಡ್ರೋಜನ್ ಎಲ್ಲಿಂದ ಬಂತು? ಹೊಗೆ ಕೊಳವೆಯಲ್ಲಿ ನೀರಾವಿ ಮಾತ್ರ ಬರುತ್ತದೆ ಎನ್ನುವ ವಾಕ್ಯಕ್ಕೆ ನಾನು ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುತ್ತೇನೆ. ಇಂಗಾಲದ ಡೈಆಕ್ಸೈಡ್ ಬೇರೆಯವರ ಚಿಮಣಿಯಲ್ಲಿ ಹೋಗಿದ್ದರೆ ಹಡಗಿಗೆ ಅದರ ಪುಣ್ಯ ಸಲ್ಲದು.

ಲೆಕ್ಕ ಸರಳ. ಒಂದು ಕಿಲೋ ಹೈಡ್ರೋಜನ್ ಮಾಡುವ 15-16 ಯೂನಿಟ್ ಕೆಲಸವನ್ನು ಡೀಸೆಲ್ ಇಂಜಿನ್ ಮಾಡಿದರೆ ಮೂರು ಕಿಲೋಗಿಂತ ತುಸು ಹೆಚ್ಚು ಡೀಸೆಲ್ ಸುಡುತ್ತದೆ, ಸುಮಾರು 10 ಕಿಲೋ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಈ 10 ನಿಮ್ಮ ಗೆರೆ. ನಿಮ್ಮ ಕೈಗೆ ಬಂದ ಒಂದು ಕಿಲೋ ಹೈಡ್ರೋಜನ್ ತಯಾರಾಗುವಾಗ ಇದಕ್ಕಿಂತ ಹೆಚ್ಚು ಬಿಟ್ಟಿದ್ದರೆ ನೀವು ಹಣ ಕೊಟ್ಟು ಹವೆ ಕೆಡಿಸುತ್ತಿದ್ದೀರಿ.

ನೈಸರ್ಗಿಕ ಅನಿಲವನ್ನು ಹಬೆಯೊಂದಿಗೆ ಸೇರಿಸಿ ತೆಗೆಯುವ ಸಾಮಾನ್ಯ ಹೈಡ್ರೋಜನ್ ಕಿಲೋಗೆ 9ರಿಂದ 10 ಕಿಲೋ ಬಿಡುತ್ತದೆ. ಅನಿಲ ತೆಗೆಯುವಾಗಿನ ಸೋರಿಕೆ ಇದಕ್ಕೆ ಹೊರತು. ಅಂದರೆ ಇಷ್ಟೆಲ್ಲ ಮಾಡಿ ನಿಂತಲ್ಲೇ ನಿಂತಂತಾಯಿತು. ನೀರನ್ನು ವಿದ್ಯುತ್ತಿನಿಂದ ಒಡೆದು ತೆಗೆಯುವುದಾದರೆ ಕಿಲೋಗೆ 50ರಿಂದ 55 ಯೂನಿಟ್ ಬೇಕು. 10ನ್ನು 53ರಿಂದ ಭಾಗಿಸಿ. ಯೂನಿಟ್ಟಿಗೆ 190 ಗ್ರಾಮಿಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಡುವ ವಿದ್ಯುತ್ ಬಳಸಿದರೆ ಡೀಸೆಲ್ಲೇ ಮೇಲು. ದ್ರವ ಮಾಡಲು ಕಿಲೋಗೆ ಇನ್ನೂ 10-13 ಯೂನಿಟ್ ಹಿಡಿಯುತ್ತದೆ, ಆಗ ಗೆರೆ 155 ಗ್ರಾಮಿನ ಹತ್ತಿರ ಇಳಿಯುತ್ತದೆ. ಕಲ್ಲಿದ್ದಲಿನ ವಿದ್ಯುತ್ತಾದರೆ ಲೆಕ್ಕ ಮಾಡುವುದೇ ಬೇಡ. ಗಾಳಿ, ಬಿಸಿಲು, ಜಲ ಅಥವಾ ಪರಮಾಣು ವಿದ್ಯುತ್ ಮಾತ್ರ ಇಲ್ಲಿ ಉಳಿಯುವುದು.

ಸಾಗಾಟವನ್ನೂ ಕೂಡಿಸಿ. ನಾರ್ವೆಯ ಹೈಡ್ರಾ ಫೆರ್ರಿಗೆ ಹೈಡ್ರೋಜನ್ ಬಂದದ್ದು ಜರ್ಮನಿಯ ಲೊಯ್ನಾದಿಂದ, ರಸ್ತೆಯಲ್ಲಿ, ಟ್ಯಾಂಕರ್ ಟ್ರಕ್ಕಿನಲ್ಲಿ. ಮೊದಲ ಹಡಗಿಗೆ ಹೀಗೆ ಮಾಡದೆ ಬೇರೆ ದಾರಿಯಿಲ್ಲ, ನಾನು ಗೇಲಿ ಮಾಡುತ್ತಿಲ್ಲ. ಆದರೆ ಹತ್ತನೆಯ ಹಡಗಿಗೂ ಹೀಗೆಯೇ ಎಂದು ಪ್ರಸ್ತಾವದಲ್ಲಿ ಬರೆದಿದ್ದರೆ ಕೇಳಲೇಬೇಕು.

ಸೋರಿದ ಹೈಡ್ರೋಜನ್ನೂ ನಿರಪರಾಧಿಯಲ್ಲ. ಅದು ತಾನೇ ಶಾಖ ಹಿಡಿಯುವುದಿಲ್ಲ, ಆದರೆ ವಾತಾವರಣದಲ್ಲಿ ಮೀಥೇನ್ ಬೇಗ ಕರಗದಂತೆ ಮಾಡುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿನ 11-12 ಪಟ್ಟು ಪರಿಣಾಮ ಎಂದು ಈಗಿನ ಅಂದಾಜು.

ಈಗ ಸಾಗರದ ಹಡಗಿಗೆ ಮರಳಿ. 288 ಟನ್ ದ್ರವ ಹೈಡ್ರೋಜನ್ನಿಗೆ ಕಿಲೋವೊಂದಕ್ಕೆ 64 ಯೂನಿಟ್ಟಿನಂತೆ ಸುಮಾರು 184 ಲಕ್ಷ ಯೂನಿಟ್ ವಿದ್ಯುತ್ ಬೇಕು. ಶಾಫ್ಟಿಗೆ ತಲುಪಿದ್ದು 48 ಲಕ್ಷ. ನಾಲ್ಕರಲ್ಲಿ ಒಂದು ಪಾಲು. 20 ದಿನಕ್ಕೆ ಹರಡಿದರೆ, 10 ಮೆಗಾವ್ಯಾಟಿನ ಒಂದೇ ಹಡಗಿಗಾಗಿ ದಡದಲ್ಲಿ 38 ಮೆಗಾವ್ಯಾಟ್ ಹಗಲೂ ರಾತ್ರಿ ನಿಲ್ಲದೆ ಉತ್ಪಾದನೆಯಾಗುತ್ತಿರಬೇಕು. ಈ ಸಂಖ್ಯೆಯನ್ನು ನಾನು ಪ್ರತಿ ವರದಿಯ ಮೊದಲ ಪುಟದಲ್ಲೇ ಹಾಕುತ್ತೇನೆ. ಓದಿದ ಮಾಲೀಕರು ಮೊದಲ ಸಲ ವೇಗ ಇಳಿಸುವ ಮಾತನ್ನು ತಾವಾಗಿ ಎತ್ತುವುದು ಆಗಲೇ.

ಬೇರೆ ವೇಷದಲ್ಲಿ ಹೈಡ್ರೋಜನ್

ದೂರದ ಹಡಗಿಗೆ ದಾರಿಯೇ ಇಲ್ಲವೆಂದಲ್ಲ. ಹೈಡ್ರೋಜನನ್ನು ಹಾಗೆಯೇ ಹೊರುವ ಬದಲು ಇನ್ನೊಂದಕ್ಕೆ ಕಟ್ಟಿ ಹೊರಬಹುದು. ಸಾರಜನಕಕ್ಕೆ ಕಟ್ಟಿದರೆ ಅಮೋನಿಯಾ, ಇಂಗಾಲಕ್ಕೆ ಕಟ್ಟಿದರೆ ಮೆಥನಾಲ್. ಹಡಗು ಉದ್ಯಮದಲ್ಲಿ ಹೈಡ್ರೋಜನ್ನಿನ ದೊಡ್ಡ ಪಾತ್ರ ಇದೇ ಎಂದು ನನ್ನ ಅಭಿಪ್ರಾಯ: ಟ್ಯಾಂಕಿನಲ್ಲಿ ಕಾಣದ ಕಚ್ಚಾವಸ್ತು.

ಅದೇ 20 ದಿನದ ಓಟಕ್ಕೆ ಅಮೋನಿಯಾ ಸುಮಾರು 1,860 ಟನ್, 2,730 ಘನ ಮೀಟರ್. ಮೈನಸ್ 33 ಡಿಗ್ರಿಯಲ್ಲಿ ದ್ರವವಾಗಿ ಕೂರುತ್ತದೆ. ಅದರಲ್ಲಿ ಇಂಗಾಲವಿಲ್ಲ, ಸುಟ್ಟರೆ ಇಂಗಾಲದ ಡೈಆಕ್ಸೈಡ್ ಇಲ್ಲ. ಆದರೆ ಉರಿಯಲು ಮೊಂಡು, ಹೊತ್ತಿಸಲು ಬೇರೆ ಇಂಧನದ ಕಿಡಿ ಬೇಕು. ಉರಿದ ಮೇಲೆ ನೈಟ್ರಸ್ ಆಕ್ಸೈಡ್ ಹೊರಬಿದ್ದರೆ ಅದರ ಪರಿಣಾಮ ಇಂಗಾಲದ ಡೈಆಕ್ಸೈಡಿನ 273 ಪಟ್ಟು. ಮೇಲಾಗಿ ಅದು ವಿಷ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ 300 ಭಾಗ ಸೇರಿದರೆ ಪ್ರಾಣಕ್ಕೆ ಅಪಾಯ. ನಾನು ಹಡಗಿನ ಶೈತ್ಯಾಗಾರದ ಅಮೋನಿಯಾ ವಾಸನೆ ಕುಡಿದವನು. ಒಂದು ಸಣ್ಣ ಕವಾಟ ಜಿನುಗಿದ್ದಕ್ಕೇ ಕಣ್ಣು ಬಿಡಲಾಗದೆ ಏಣಿ ಹುಡುಕಿದ್ದೇನೆ. ಸಾವಿರಾರು ಟನ್ ಹೊತ್ತು ಮಲಗುವವರ ಪರವಾಗಿ ಕೇಳಬೇಕಾದ ಪ್ರಶ್ನೆಗಳನ್ನು ನಾನು ಬಿಟ್ಟುಕೊಡುವುದಿಲ್ಲ.

ಮೆಥನಾಲ್ ಸುಮಾರು 1,740 ಟನ್, 2,200 ಘನ ಮೀಟರ್. ಸಾಮಾನ್ಯ ಉಷ್ಣತೆಯಲ್ಲೇ ದ್ರವ, ಇಂಜಿನ್ ರೂಮಿನವರಿಗೆ ಇದೇ ಹೆಚ್ಚು ಹಿತ. 2023ರಲ್ಲಿ ಲಾರಾ ಮೆರ್ಸ್ಕ್ ಎಂಬ ಕಂಟೇನರ್ ಹಡಗು ಮೆಥನಾಲ್‌ನಿಂದ ಓಡಲು ಆರಂಭಿಸಿತು, ಆಮೇಲೆ ದೊಡ್ಡ ಹಡಗುಗಳೂ ಬಂದವು. ತೊಡಕಿರುವುದು ಇಂಗಾಲದಲ್ಲಿ. ಅದನ್ನು ಜೈವಿಕ ತ್ಯಾಜ್ಯದಿಂದಲೋ ಗಾಳಿಯಿಂದಲೋ ತಂದಿದ್ದರೆ ಮಾತ್ರ ಲೆಕ್ಕ ಚುಕ್ತಾ ಆಗುತ್ತದೆ. ಕಲ್ಲಿದ್ದಲಿನ ಅಥವಾ ಅನಿಲದ ಮೆಥನಾಲ್ ಆದರೆ ಬಣ್ಣ ಬದಲಿಸಿದ ಹಳೆಯ ಹಡಗಷ್ಟೇ.

ಮೂಗು ಕೆಲಸಕ್ಕೆ ಬಾರದ ಇಂಜಿನ್ ರೂಮು

ನೇರ ಹೈಡ್ರೋಜನ್ನಿಗೇ ನಿಮ್ಮ ಹಡಗು ಹೊಂದುತ್ತದೆ ಎಂದಾದರೆ ನಕ್ಷೆಯನ್ನು ಹೊಸ ಕಣ್ಣಿನಿಂದ ನೋಡಬೇಕು. ನನಗೆ ಗೊತ್ತಿದ್ದ ಎಣ್ಣೆ ಕಾಯಿಸದೆ ಹರಿಯುತ್ತಿರಲಿಲ್ಲ, ಸೋರಿದರೆ ಕಪ್ಪಗೆ ಕಾಣುತ್ತಿತ್ತು, ಕತ್ತಲಲ್ಲೂ ಮೂಗು ಪತ್ತೆ ಹಚ್ಚುತ್ತಿತ್ತು. ಇದು ತಣಿಸದೆ ನಿಲ್ಲದು, ಕಾಣದು, ವಾಸನೆಯಿಲ್ಲ. ಗಾಳಿಯಲ್ಲಿ ಶೇಕಡಾ 4ರಿಂದ 75ರವರೆಗೆ ಎಷ್ಟು ಸೇರಿದರೂ ಹೊತ್ತುತ್ತದೆ. ಹೊತ್ತಿಸಲು ಬೇಕಾದ ಕಿಡಿ ಮೀಥೇನಿಗೆ ಬೇಕಾದುದರ ಹತ್ತನೇ ಒಂದು ಪಾಲಿಗಿಂತಲೂ ಚಿಕ್ಕದು. ಹಗಲು ಬೆಳಕಿನಲ್ಲಿ ಜ್ವಾಲೆ ಹೆಚ್ಚುಕಡಿಮೆ ಅದೃಶ್ಯ. ಹಿಂದೆ ಹೈಡ್ರೋಜನ್ ಘಟಕಗಳಲ್ಲಿ ಕಡ್ಡಿ ಪೊರಕೆಯನ್ನು ಮುಂದೆ ಚಾಚಿಕೊಂಡು ನಡೆಯುತ್ತಿದ್ದರು, ಪೊರಕೆ ಹೊತ್ತಿಕೊಂಡರೆ ಅಲ್ಲಿ ಬೆಂಕಿ ಇದೆ ಎಂದರ್ಥ.

ನಕ್ಷೆಯಲ್ಲಿ ನಾನು ಮೊದಲು ಹುಡುಕುವುದು ಚಾವಣಿಯ ಮೂಲೆಗಳನ್ನು. ಹಗುರವಾದ ಅನಿಲ ಮೇಲೇರಿ ಕುಳಿತುಕೊಳ್ಳುವ ಪೊಟರೆ ಎಲ್ಲಿಯೂ ಇರಬಾರದು. ಸೋರಿಕೆ ಪತ್ತೆಯ ಸಾಧನ ಅಲ್ಲೇ ಮೇಲಿರಬೇಕು. ಆದರೆ ದ್ರವ ಸೋರಿದರೆ ಹೊರಬರುವ ತಣ್ಣನೆಯ ಆವಿ ಮೊದಲು ಭಾರವಾಗಿ ಕೆಳಗೆ ಹರಿಯುತ್ತದೆ, ಕೆಳಗೂ ಒಂದಿರಲಿ. ಮುಚ್ಚಿದ ಜಾಗದಲ್ಲಿ ಕೊಳವೆಗೆ ಎರಡು ಗೋಡೆ. ಕೊಳವೆಯ ಉಕ್ಕು ಹೈಡ್ರೋಜನ್ ಹೀರಿ ಪೆಡಸಾಗುತ್ತದೆ, ಆದ್ದರಿಂದ ಯಾವ ಲೋಹವೆಂದು ಕೇಳಿ ಬರೆಸಿಕೊಳ್ಳಿ.

ದ್ರವದ ಸಾಲಿನಲ್ಲಿ ಇನ್ನೊಂದು ಬಲೆಯಿದೆ. ಕೊಳವೆ ತೊಳೆಯಲು ಎಲ್ಲರೂ ಕೈ ಹಾಕುವುದು ಸಾರಜನಕಕ್ಕೆ. ಅದು ಮೈನಸ್ 210ರಲ್ಲೇ ಗಟ್ಟಿಯಾಗುತ್ತದೆ. ತಣ್ಣಗಿರುವ ಹೈಡ್ರೋಜನ್ ಕೊಳವೆಯಲ್ಲಿ ಸಾರಜನಕ ಬಿಟ್ಟರೆ ಕವಾಟದಲ್ಲಿ ಹೆಪ್ಪುಗಟ್ಟಿ ಕೂರುತ್ತದೆ. ಅಲ್ಲಿ ಹೀಲಿಯಂ ಬೇಕು. ಹೊದಿಕೆ ಹರಿದ ಕೊಳವೆಯ ಮೇಲೆ ಗಾಳಿಯೇ ದ್ರವವಾಗಿ ತೊಟ್ಟಿಕ್ಕುತ್ತದೆ. ಆ ತೊಟ್ಟಿನಲ್ಲಿ ಆಮ್ಲಜನಕ ಹೆಚ್ಚಿರುವುದರಿಂದ ಕೆಳಗೆ ಎಣ್ಣೆ ಚಿಂದಿ ಬಿದ್ದಿದ್ದರೆ ಕಥೆ ಮುಗಿಯಿತು.

ಸಣ್ಣ ಭಾಗಗಳನ್ನು ತಾತ್ಸಾರ ಮಾಡಬೇಡಿ. ಸುಯಿಸೊ ಫ್ರಂಟಿಯರ್ 2022ರ ಜನವರಿಯಲ್ಲಿ ಆಸ್ಟ್ರೇಲಿಯಾದಲ್ಲಿದ್ದಾಗ ಅನಿಲ ದಹನ ಘಟಕದಿಂದ (ಟ್ಯಾಂಕಿನಲ್ಲಿ ಆವಿಯಾದ ಅನಿಲವನ್ನು ಸುಡುವ ಸಾಧನ) ಒಮ್ಮೆ ಜ್ವಾಲೆ ಹೊರಚಿಮ್ಮಿತು. ಯಾರಿಗೂ ಪೆಟ್ಟಾಗಲಿಲ್ಲ. ತನಿಖೆಯಲ್ಲಿ ಸಿಕ್ಕ ಕಾರಣ ಟ್ಯಾಂಕೂ ಅಲ್ಲ, ನಿರ್ವಾತವೂ ಅಲ್ಲ: 230 ವೋಲ್ಟಿನ ಜಾಗದಲ್ಲಿ ಕೂರಿಸಿದ್ದ 24 ವೋಲ್ಟಿನ ಒಂದು ಸೊಲೆನಾಯ್ಡ್ ಕವಾಟ, ಅಂದರೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ಕವಾಟ.

ಇಂಧನ ಕೋಶವೋ ಇಂಜಿನ್ನೋ ಎಂಬ ಪ್ರಶ್ನೆಯನ್ನು ಜನ ಮೊದಲಿಗೇ ಎತ್ತುತ್ತಾರೆ, ನಾನು ಇಲ್ಲಿಯವರೆಗೆ ಮುಟ್ಟುವುದಿಲ್ಲ. ಕೋಶಕ್ಕೆ ಅತಿ ಶುದ್ಧ ಹೈಡ್ರೋಜನ್ ಬೇಕು, ಉಪ್ಪುಗಾಳಿ ಸೋಸಿ ಕೊಡಬೇಕು, ಹಠಾತ್ತನೆ ಹೆಚ್ಚು ಶಕ್ತಿ ಕೇಳಿದರೆ ತಡವರಿಸುವುದರಿಂದ ಜೊತೆಗೆ ಬ್ಯಾಟರಿ ಬೇಕು. ಇಂಜಿನ್ ಒರಟನ್ನು ಸಹಿಸುತ್ತದೆ, ಆದರೆ ಸಾರಜನಕದ ಆಕ್ಸೈಡುಗಳನ್ನು ಬಿಡುತ್ತದೆ. ಪ್ರಯಾಣಿಕರಿದ್ದರೆ ಕೋಶ, ಟಗ್ ಆದರೆ ಇಂಜಿನ್ ಎನ್ನುವುದು ನನ್ನ ಒಲವು.

ಅನುಮತಿ ಮತ್ತು ಕೊನೆಯ ತಾಲೀಮು

ಕಡಿಮೆ ಉಷ್ಣತೆಯಲ್ಲೇ ಹೊತ್ತುವ ಇಂಧನಗಳಿಗಾಗಿ ಅಂತರರಾಷ್ಟ್ರೀಯ ಸಾಗರ ಸಂಸ್ಥೆಯ ಐಜಿಎಫ್ ಸಂಹಿತೆ 2017ರ ಜನವರಿ 1ರಿಂದ ಜಾರಿಯಲ್ಲಿದೆ. ಅದರ ವಿವರವಾದ ನಿಯಮಗಳು ನೈಸರ್ಗಿಕ ಅನಿಲವನ್ನು ಮನಸ್ಸಿನಲ್ಲಿಟ್ಟು ಬರೆದವು. ಹೈಡ್ರೋಜನ್ ತಂದವರು ತಮ್ಮ ವಿನ್ಯಾಸ ಅಷ್ಟೇ ಸುರಕ್ಷಿತ ಎಂದು ತಾವೇ ಸಾಧಿಸಿ ತೋರಿಸಬೇಕು. ಇದಕ್ಕೆ ಸಮಯ ಹಿಡಿಯುತ್ತದೆ. ನಕ್ಷೆಯ ಮೊದಲ ಗೆರೆ ಎಳೆಯುವ ದಿನವೇ, ಹಡಗಿನ ವಿನ್ಯಾಸ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವರ್ಗೀಕರಣ ಸಂಸ್ಥೆಯವರನ್ನು ಮೇಜಿಗೆ ಕರೆಯಿರಿ.

ಖರ್ಚಿನ ಪಟ್ಟಿಯಲ್ಲಿ ಇಂಗಾಲದ ಬೆಲೆಗೂ ಒಂದು ಸಾಲು ಬಿಡಿ. ಅಂತರರಾಷ್ಟ್ರೀಯ ಸಾಗರ ಸಂಸ್ಥೆ 2023ರಲ್ಲಿ 2050ರ ಸುಮಾರಿಗೆ ನಿವ್ವಳ ಶೂನ್ಯ ಎಂಬ ಗುರಿ ಇಟ್ಟುಕೊಂಡಿತು. ಅದಕ್ಕೆ ಬಲ ಕೊಡಬೇಕಿದ್ದ ನಿಯಮಾವಳಿಯ ಅಂಗೀಕಾರವನ್ನು 2025ರ ಅಕ್ಟೋಬರಿನಲ್ಲಿ ಒಂದು ವರ್ಷ ಮುಂದೂಡಿತು. ಯುರೋಪಿಯನ್ ಒಕ್ಕೂಟ ಕಾಯಲಿಲ್ಲ. ಅಲ್ಲಿನ ಬಂದರುಗಳಿಗೆ ಹೋಗುವ ದೊಡ್ಡ ಹಡಗುಗಳು ಬಳಸುವ ಶಕ್ತಿಯ ಹಸಿರುಮನೆ ಅನಿಲ ಪ್ರಮಾಣ 2025ರಲ್ಲಿ ಶೇಕಡಾ 2, 2030ರಲ್ಲಿ 6, 2050ಕ್ಕೆ 80 ಇಳಿಯಲೇಬೇಕು. ಹಸಿರು ವಿದ್ಯುತ್ತಿನಿಂದ ಮಾಡಿದ ಹೈಡ್ರೋಜನ್ ಮತ್ತು ಅದರ ಮಕ್ಕಳಿಗೆ 2033ರ ಕೊನೆಯವರೆಗೆ ಅಲ್ಲಿನ ಈ ಲೆಕ್ಕದಲ್ಲಿ ಎರಡರಷ್ಟು ಅಂಕ.

ಇಷ್ಟೂ ದಾಟಿ ಹಡಗು ತಯಾರಾದರೆ, ಮೊದಲ ಬಂಕರಿಂಗಿಗೆ (ಹಡಗಿಗೆ ಇಂಧನ ತುಂಬಿಸುವುದು) ಮುಂಚೆ ಒಂದು ವಾರ ಖಾಲಿ ಕೊಳವೆಯಲ್ಲೇ ತಾಲೀಮು ಮಾಡಿಸಿ. ಕೊಳವೆ ಜೋಡಿಸುವುದು, ಹೀಲಿಯಂ ಬಿಡುವುದು, ಕಿರುಚಿದ ಅಲಾರಂ ಕೇಳಿ ಎಲ್ಲವನ್ನೂ ನಿಲ್ಲಿಸುವುದು, ತುರ್ತಿನಲ್ಲಿ ಕೊಳವೆ ಕಳಚುವುದು. ಗಡಿಯಾರ ಹಿಡಿದು ನೋಡಿ. ರಾತ್ರಿ ಪಾಳಿಯವರಿಂದಲೂ ಮಾಡಿಸಿ. ಹಳೆಯ ಕೈಗಳು ಸೋರಿಕೆ ಹುಡುಕಲು ಇನ್ನೂ ಮೂಗನ್ನೇ ಮುಂದೆ ಚಾಚುತ್ತವೆ. ನಾನೂ ಒಂದು ತಾಲೀಮಿನಲ್ಲಿ ಹಾಗೆಯೇ ಬಗ್ಗಿದ್ದೆ, ಹಿಂದಿನಿಂದ ಹುಡುಗನೊಬ್ಬ ನನ್ನ ಕಾಲರ್ ಹಿಡಿದು ಎಳೆದು ಕೈಗೆ ಪತ್ತೆ ಸಾಧನ ಕೊಟ್ಟ.